ಕೈಹೆಣಿಗೆ: ನೂಲಿನ ಆಯ್ಕೆಯೂ ಅಳತೆಯ ಲೆಕ್ಕವೂ

ಈ ಹೊತ್ತು ನಾನು ಮಾತನಾಡಬೇಕೆಂದಿರುವ ವಿಷಯ ಅಷ್ಟೇನೂ ಘನವಾದುದಲ್ಲ. ತಲೆಯ ಟೋಪಿ, ಕುತ್ತಿಗೆಗೆ ಸುತ್ತುವ ಮಫ್ಲರು, ಹೆಗಲ ಮೇಲಿನ ಶಾಲು, ಕಾಲುಚೀಲ, ಕೈಗವಸು ಮೊದಲಾದ ಸಣ್ಣ ಉಡುಪುಗಳನ್ನು ಕಡ್ಡಿಗಳಿಂದ ಹೆಣೆಯುವವರು ನಮ್ಮ ಪಟ್ಟಣಗಳಲ್ಲಿ ಬಹುಮಂದಿ ಇದ್ದಾರೆ. ಹೆಣೆಯುವ ಕೈಚಳಕ ಅವರಲ್ಲಿ ಸಾಕಷ್ಟಿದೆ. ಆದರೆ ಹೆಣೆದ ವಸ್ತುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪೆಟ್ಟಿಗೆಯ ತಳದಲ್ಲಿ ಬೇವಿನೆಲೆಯ ಜೊತೆಗೆ ಮಲಗಿರುತ್ತವೆಯೇ ಹೊರತು ಯಾರ ಮೈಮೇಲೂ ಏರುವುದಿಲ್ಲ. ಹೀಗೇಕಾಗುತ್ತದೆ ಎಂಬುದನ್ನು ವಿಚಾರಮಾಡಿದರೆ ಕಾರಣ ಬಹುಮಟ್ಟಿಗೆ ಎರಡೇ ಎಂದು ನನಗೆ ತೋರುತ್ತದೆ. ಒಂದು, ನೂಲನ್ನು ಬಣ್ಣ ನೋಡಿ ಕೊಂಡದ್ದು. ಇನ್ನೊಂದು, ಅಳತೆಯನ್ನು ಅಂದಾಜಿನ ಮೇಲೆ ಬಿಟ್ಟದ್ದು.

ಈ ಎರಡು ತಪ್ಪುಗಳನ್ನೂ ಒಂದೇ ಟೋಪಿಯಲ್ಲಿ ಮಾಡಿದವಳು ನಾನು. ಕೆಲವು ವರ್ಷಗಳ ಹಿಂದೆ ನಮ್ಮ ಅತ್ತಿಗೆಯವರಿಗೆ ಕ್ಯಾನ್ಸರ್ ರೋಗಕ್ಕೆ ಔಷಧ ಕೊಡಲು ಆರಂಭಿಸಿದರು. ಮೂರು ವಾರಗಳೊಳಗೆ ಅವರ ತಲೆಗೂದಲು ಉದುರಿಹೋಯಿತು. ಮಾರ್ಗಶಿರದ ಚಳಿ, ಬೆಳಗಿನ ಹೊತ್ತು ತಲೆ ತಣ್ಣಗಾಗುತ್ತದೆಂದು ಅವರು ಸೆರಗನ್ನು ಎಳೆದುಕೊಂಡು ಕುಳಿತಿರುತ್ತಿದ್ದರು. ನಾನು ಅಂಗಡಿಗೆ ಹೋಗಿ, ಅವರಿಗೆ ಪ್ರಿಯವಾದ ಕುಂಕುಮದ ಬಣ್ಣದ ದಪ್ಪ ಉಣ್ಣೆಯನ್ನು ತಂದು, ಎರಡೇ ರಾತ್ರಿಯಲ್ಲಿ ಟೋಪಿಯೊಂದನ್ನು ಹೆಣೆದುಕೊಟ್ಟೆನು. ಅವರು ಹಾಕಿಕೊಂಡು ಕನ್ನಡಿ ನೋಡಿ, “ಚೆನ್ನಾಗಿದೆಯಮ್ಮಾ” ಎಂದರು. ನಾನು ಹೋದಾಗಲೆಲ್ಲ ಅದು ಅವರ ತಲೆಯ ಮೇಲಿರುತ್ತಿತ್ತು. ಒಂದು ದಿನ ತಿಳಿಸದೆ ಹೋದೆನು. ಟೋಪಿ ಕುರ್ಚಿಯ ಮೇಲಿತ್ತು. ಅತ್ತಿಗೆಯವರ ಹಣೆಯ ಸುತ್ತಲೂ ಕೆಂಪಾದ ಗೆರೆಯೊಂದು ಎದ್ದಿತ್ತು. ಕೂದಲಿಲ್ಲದ ನೆತ್ತಿಯ ಚರ್ಮ ಹಸುಗೂಸಿನ ಚರ್ಮದಷ್ಟು ನವುರಾಗಿರುತ್ತದೆ. ಅದರ ಮೇಲೆ ನನ್ನ ಒರಟು ಉಣ್ಣೆ ಮುಳ್ಳಿನಂತೆ ಚುಚ್ಚುತ್ತಿತ್ತು. ನನ್ನ ಮನಸ್ಸಿಗೆ ನೋವಾಗಬಾರದೆಂದು ಅವರು ನನ್ನ ಎದುರಿನಲ್ಲಿ ಮಾತ್ರ ಅದನ್ನು ಧರಿಸುತ್ತಿದ್ದರು. ಹೆಣಿಗೆಯ ಶಾಸ್ತ್ರವನ್ನು ನಾನು ಕ್ರಮವಾಗಿ ಕಲಿಯಲಾರಂಭಿಸಿದುದು ಆ ದಿನದಿಂದ.

ಉಣ್ಣೆ ಚುಚ್ಚುವುದೇಕೆ? ಅನೇಕರು ಉಣ್ಣೆಯೆಂದರೇ ಚುಚ್ಚತಕ್ಕದ್ದೆಂದು ಭಾವಿಸಿದ್ದಾರೆ. ಅದು ಸರಿಯಲ್ಲ. ಉಣ್ಣೆಯ ಎಳೆಯ ದಪ್ಪವನ್ನು ಮೈಕ್ರಾನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನುಗಳು. ನಮ್ಮ ತಲೆಗೂದಲು ಸಾಮಾನ್ಯವಾಗಿ 50ರಿಂದ 100 ಮೈಕ್ರಾನಿನವರೆಗೆ ಇರುತ್ತದೆ. ಮೆರಿನೊ ಕುರಿಯ ಉಣ್ಣೆಯ ಎಳೆ 24 ಮೈಕ್ರಾನಿಗಿಂತ ಕಡಮೆ. ಅದರಲ್ಲಿಯೂ ನಯವಾದುದು 18ರ ಸುತ್ತಮುತ್ತ. ಲಡಾಖಿನ ಮೇಕೆಗಳ ಒಳತುಪ್ಪಟದಿಂದ ಬರುವ ಪಶ್ಮೀನ 12ರಿಂದ 16. ಇಷ್ಟು ಸಣ್ಣ ಎಳೆಯ ತುದಿ ಚರ್ಮವನ್ನು ಮುಟ್ಟಿದೊಡನೆ ಬಾಗಿಬಿಡುತ್ತದೆ. ಎಳೆ ಸುಮಾರು 30 ಮೈಕ್ರಾನನ್ನು ಮೀರಿದರೆ ತುದಿ ಬಾಗದೆ ಚರ್ಮವನ್ನು ಒತ್ತುತ್ತದೆ. ಅಲ್ಲಿನ ನರದ ತುದಿ ಅದನ್ನು ತುರಿಕೆಯೆಂದು ಮೆದುಳಿಗೆ ತಿಳಿಸುತ್ತದೆ. ನೂರು ಎಳೆಗಳಲ್ಲಿ ಐದಾರು ಮಾತ್ರ ಹೀಗೆ ದಪ್ಪವಾಗಿದ್ದರೂ ಸಾಕು, ಬಟ್ಟೆ ಚುಚ್ಚುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಆದುದರಿಂದ ದೋಷ ಉಣ್ಣೆಯ ಜಾತಿಯದಲ್ಲ, ಎಳೆಯ ದಪ್ಪದ್ದು.

ಅಂಗಡಿಯಲ್ಲಿ ಇದನ್ನು ಅರಿಯುವುದು ಹೇಗೆ? ನಾವು ಲಡಿಯನ್ನು ಕೈಯಲ್ಲಿ ಹಿಡಿದು ಬೆರಳಿನಿಂದ ಸವರಿ “ಮೆತ್ತಗಿದೆ” ಎನ್ನುತ್ತೇವೆ. ಬೆರಳಿನ ಚರ್ಮ ಪಾತ್ರೆ ತೊಳೆದು, ಲೇಖನಿ ಹಿಡಿದು ಗಡುಸಾಗಿರುತ್ತದೆ; ಅದರ ಸಾಕ್ಷ್ಯ ನಂಬತಕ್ಕದ್ದಲ್ಲ. ನೂಲಿನ ಉಂಡೆಯನ್ನು ಗಲ್ಲದ ಕೆಳಗೆ, ಕುತ್ತಿಗೆಗೆ ಒತ್ತಿ ಐದು ನಿಮಿಷ ಹಾಗೆಯೇ ಹಿಡಿದಿರಬೇಕು. ಅಂಗಡಿಯವನು ವಿಚಿತ್ರವಾಗಿ ನೋಡಬಹುದು. ನೋಡಲಿ.

ನಮ್ಮ ನಾಡಿನ ಉಣ್ಣೆಯ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಚಿತ್ರದುರ್ಗ, ಚಳ್ಳಕೆರೆಯ ಕಡೆಯ ಕುರುಬರು ದಖನಿ ಕುರಿಯ ತುಪ್ಪಟವನ್ನು ಕತ್ತರಿಸಿ, ಕೈಯಲ್ಲಿ ನೂತು, ಹುಣಸೆಬೀಜದ ಗಂಜಿ ಹಾಕಿ ಕಂಬಳಿ ನೇಯುವುದನ್ನು ನೀವು ಬಲ್ಲಿರಿ. ಆ ಉಣ್ಣೆ ಒರಟು. ಕಪ್ಪು, ಕಂದು ಬಣ್ಣಗಳು ಹುಟ್ಟಿನಿಂದಲೇ ಬಂದವು. ಮಳೆಯನ್ನೂ ಬಿಸಿಲನ್ನೂ ತಡೆಯುವ ಕಂಬಳಿಗೆ ಅದಕ್ಕಿಂತ ಉತ್ತಮವಾದುದಿಲ್ಲ. ಆದರೆ ಸ್ವದೇಶದ ಅಭಿಮಾನದಿಂದ ಅದನ್ನು ಮಗುವಿನ ಕುಲಾವಿಗೆ ಬಳಸಿದರೆ ಅಭಿಮಾನಕ್ಕೂ ಮಗುವಿಗೂ ಅಪಚಾರವಾಗುತ್ತದೆ. ಸಂತೆಗೆ ಒಯ್ಯುವ ಕೈಚೀಲ, ಕುಳಿತುಕೊಳ್ಳುವ ಮಣೆಯ ಹೊದಿಕೆ, ಇಂತಹವುಗಳಿಗೆ ಅದನ್ನು ಆರಿಸಿದರೆ ಹತ್ತಾರು ವರ್ಷ ಬಾಳುತ್ತದೆ. ಚೀಲವನ್ನು ಸಡಿಲವಾಗಿ ದೊಡ್ಡದಾಗಿ ಹೆಣೆದು, ಬಿಸಿನೀರು ಸಾಬೂನುಗಳಲ್ಲಿ ಚೆನ್ನಾಗಿ ತಿಕ್ಕಿದರೆ ಎಳೆಗಳು ಒಂದನ್ನೊಂದು ಹಿಡಿದುಕೊಂಡು ಬಟ್ಟೆ ಗಟ್ಟಿಯಾಗುತ್ತದೆ. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂತಹ ಪದರಗಳಿರುತ್ತವೆ. ಶಾಖ, ನೀರು, ತಿಕ್ಕಾಟ ಈ ಮೂರೂ ಸೇರಿದಾಗ ಅವು ಸಿಕ್ಕಿಕೊಂಡು ಮತ್ತೆ ಬಿಡುವುದಿಲ್ಲ. ಒಳ್ಳೆಯ ಶಾಲೊಂದನ್ನು ಒಗೆಯುವವರ ಕೈಗೆ ಕೊಟ್ಟು, ಅಂಗೈಯಷ್ಟಾಗಿ ಮರಳಿ ಪಡೆದವರಿಗೆ ಈ ವಿದ್ಯೆಯ ಇನ್ನೊಂದು ಮುಖವೂ ಗೊತ್ತಿರುತ್ತದೆ. ಈಗ ‘ಸೂಪರ್‌ವಾಶ್’ ಎಂದು ಚೀಟಿ ಹಚ್ಚಿ ಮಾರುವ ಉಣ್ಣೆಯಲ್ಲಿ ಸಾಮಾನ್ಯವಾಗಿ ಆ ಹುರುಪೆಗಳನ್ನು ಕ್ಲೋರಿನ್ನಿನಿಂದ ಸವೆಯಿಸಿ, ಮೇಲೆ ತೆಳುವಾದ ರಾಳದ ಲೇಪ ಕೊಟ್ಟಿರುತ್ತಾರೆ. ಅದು ಯಂತ್ರದಲ್ಲಿ ಒಗೆದರೂ ಕುಗ್ಗುವುದಿಲ್ಲ. ಆದರೆ ನೀರಿಗೆ ಬಿದ್ದಾಗ ಉದ್ದಕ್ಕೆ ಹಿಗ್ಗುವ ಸ್ವಭಾವ ಅದಕ್ಕುಂಟು.

ಉಣ್ಣೆಯ ಗುಣವೇನೆಂದರೆ ಅದರ ಎಳೆ ಗುಂಗುರಾಗಿದೆ. ಎಳೆದರೆ ಹಿಗ್ಗಿ, ಬಿಟ್ಟರೆ ಮರಳುತ್ತದೆ; ಗುಂಗುರಿನ ಸಂದಿಗಳಲ್ಲಿ ಗಾಳಿ ನಿಲ್ಲುತ್ತದೆ. ನಮ್ಮನ್ನು ಬೆಚ್ಚಗಿಡುವುದು ಆ ನಿಂತ ಗಾಳಿ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಒದ್ದೆಯೆಂದು ಅನ್ನಿಸುವುದಿಲ್ಲ. ಹತ್ತಿಗೆ ಈ ಹಿಗ್ಗುವಿಕೆಯಿಲ್ಲ. ಅದು ತಂಪು, ನವುರು, ಒಗೆಯಲು ಸುಲಭ, ಆದರೆ ಭಾರ. ಒಮ್ಮೆ ಜೋತುಬಿದ್ದ ಹತ್ತಿಯ ಟೋಪಿ ತಾನಾಗಿ ಮೇಲೇಳುವುದಿಲ್ಲ. ರೇಷ್ಮೆಯ ವಿಚಾರದಲ್ಲಿ ಮೈಸೂರಿನವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಸೀರೆಗೆ ಬಳಸುವ, ಗೂಡಿನಿಂದ ನೇರವಾಗಿ ಬಿಚ್ಚಿದ ಉದ್ದನೆಯ ಎಳೆಯ ರೇಷ್ಮೆ ಹೆಣಿಗೆಗೆ ಒಗ್ಗುವುದಿಲ್ಲ; ಕಡ್ಡಿಯಿಂದ ಜಾರುತ್ತದೆ. ಒಡೆದ ಗೂಡುಗಳಿಂದಲೂ ಉಳಿಕೆಯಿಂದಲೂ ನೂತ ರೇಷ್ಮೆಯನ್ನು, ಅದರಲ್ಲಿಯೂ ಉಣ್ಣೆಯೊಡನೆ ಬೆರೆಸಿ ನೂತುದನ್ನು, ಕೊಳ್ಳುವುದು ಲೇಸು. ರೇಷ್ಮೆ ಹೊಳಪನ್ನೂ ಇಳಿಬೀಳುವ ಸೊಬಗನ್ನೂ ಕೊಡುತ್ತದೆ, ಉಣ್ಣೆ ಆಕಾರವನ್ನು ಹಿಡಿದಿಡುತ್ತದೆ.

ನಮ್ಮ ಪೇಟೆಗಳಲ್ಲಿ ‘ಉಲ್ಲನ್’ ಎಂದು ಮಾರುವುದರಲ್ಲಿ ಬಹುಭಾಗ ಉಣ್ಣೆಯೇ ಅಲ್ಲ, ಅಕ್ರಿಲಿಕ್ ಎಂಬ ಕೃತಕ ನೂಲು. ಇದು 1950ರ ಸುಮಾರಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಬೆಲೆ ಕಡಮೆ, ಬಣ್ಣ ಗಾಢ, ನುಸಿ ಹಿಡಿಯುವುದಿಲ್ಲ. ಇವು ಸಣ್ಣ ಗುಣಗಳಲ್ಲ. ನಾನು ಅದನ್ನು ತಿರಸ್ಕರಿಸುವವಳಲ್ಲ. ಆದರೆ ಒಂದು ಸಂಗತಿಯನ್ನು ಮರೆಯಕೂಡದು. ಲಡಿಯಿಂದ ಒಂದಂಗುಲ ಎಳೆಯನ್ನು ತೆಗೆದು, ಚಿಮಟದಲ್ಲಿ ಹಿಡಿದು, ದೀಪಕ್ಕೆ ತೋರಿಸಿ ನೋಡಿರಿ. ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ, ಕರಿಕಾಗಿ, ತಾನಾಗಿಯೇ ಆರುತ್ತದೆ. ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದದಂತೆ ಉರಿಯುತ್ತದೆ. ಅಕ್ರಿಲಿಕ್ ಕರಗಿ, ಉರಿದು, ಗಟ್ಟಿಯಾದ ಕಪ್ಪು ಮಣಿಯಾಗಿ ಉಳಿಯುತ್ತದೆ. ಹಾಗೆ ಕರಗಿದುದು ಚರ್ಮಕ್ಕೆ ಅಂಟಿದರೆ ಗಾಯ ಆಳವಾಗುತ್ತದೆ. ಆದುದರಿಂದ ಒಲೆಯ ಬಳಿ ಕೆಲಸಮಾಡುವವರ ಶಾಲನ್ನಾಗಲಿ, ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯನ್ನಾಗಲಿ ಇದರಿಂದ ಹೆಣೆಯುವುದು ಅಪಾಯಕರ.

ಇನ್ನು ನೂಲಿನ ಹುರಿಯನ್ನು ನೋಡಬೇಕು. ಒಂದೇ ಎಳೆಯಾಗಿ ಸಡಿಲವಾಗಿ ನೂತ ನೂಲು ಬಲು ಮೆತ್ತಗಿರುತ್ತದೆ. ಆದರೆ ನಾಲ್ಕು ದಿನ ಉಜ್ಜಿದರೆ ಮೇಲೆ ಸಣ್ಣ ಸಣ್ಣ ಗುಂಡುಗಳೇಳುತ್ತವೆ. ಮೂರು ನಾಲ್ಕು ಎಳೆಗಳನ್ನು ಬಿಗಿಯಾಗಿ ಹುರಿಗೊಳಿಸಿದ ನೂಲು ಅಷ್ಟು ಮೆತ್ತಗಿರದಿದ್ದರೂ ಸವೆತವನ್ನು ತಾಳುತ್ತದೆ. ಕುತ್ತಿಗೆಗೆ ಮೊದಲನೆಯದು ಸಲ್ಲುತ್ತದೆ, ಪಾದಕ್ಕೆ ಎರಡನೆಯದು ಬೇಕು. ಕಾಲುಚೀಲದ ನೂಲಿಗೆ ಗಿರಣಿಯವರು ನೂರಕ್ಕೆ 15ರಿಂದ 25ರಷ್ಟು ನೈಲಾನ್ ಬೆರೆಸುವುದು ಇದಕ್ಕಾಗಿಯೇ. ಎರಡು ಮಹಾಯುದ್ಧಗಳ ಕಾಲದಲ್ಲಿ ಅನೇಕ ದೇಶಗಳ ಸ್ತ್ರೀಯರು ಸೈನಿಕರಿಗಾಗಿ ಲಕ್ಷಗಟ್ಟಲೆ ಕಾಲುಚೀಲಗಳನ್ನು ಹೆಣೆದರು. 1914ರ ಯುದ್ಧದ ಕಂದಕಗಳಲ್ಲಿ ನೀರು ನಿಂತು, ಒದ್ದೆ ಪಾದಗಳು ಕೊಳೆತು, ಬೆರಳುಗಳನ್ನೇ ಕತ್ತರಿಸಬೇಕಾಗಿ ಬಂದುದುಂಟು. ಒಣಗಿದ ಒಂದು ಜೊತೆ ಉಣ್ಣೆಯ ಚೀಲ ಅಲ್ಲಿ ಅಲಂಕಾರವಾಗಿರಲಿಲ್ಲ. ಚೀಲದ ಮುಂತುದಿಯನ್ನು ಹೊಲಿಗೆಯ ಉಬ್ಬು ಕಾಣದಂತೆ ಕುಣಿಕೆಗೆ ಕುಣಿಕೆ ಕೂಡಿಸುವ ಕ್ರಮಕ್ಕೆ ಇಂಗ್ಲಿಷಿನವರು ಕಿಚನರ್ ಹೆಸರನ್ನು ಇಟ್ಟಿದ್ದಾರೆ. 1902ರಿಂದ 1909ರವರೆಗೆ ಹಿಂದೂಸ್ಥಾನದ ಸೇನಾಧಿಪತಿಯಾಗಿದ್ದ ಕಿಚನರನೇ ಆತ.

ನೂಲಿನ ವಿಚಾರ ಇಷ್ಟಾದಮೇಲೆ ಅಳತೆಗೆ ಬರುತ್ತೇನೆ. ಇಲ್ಲಿ ನಿಮ್ಮ ತಾಳ್ಮೆಯನ್ನು ಸ್ವಲ್ಪ ಬೇಡುತ್ತೇನೆ, ಏಕೆಂದರೆ ಲೆಕ್ಕ ಬರುತ್ತದೆ. ಹೆಣಿಗೆಯೆಂದರೆ ಕುಣಿಕೆಯ ಮೇಲೆ ಕುಣಿಕೆ. ಒಂದಂಗುಲದಲ್ಲಿ ಎಷ್ಟು ಕುಣಿಕೆಗಳು ಕೂಡುತ್ತವೆ ಎಂಬುದು ನೂಲಿನ ದಪ್ಪ, ಕಡ್ಡಿಯ ದಪ್ಪ, ಹೆಣೆಯುವವರ ಕೈಬಿಗಿ ಈ ಮೂರನ್ನೂ ಅವಲಂಬಿಸಿದೆ. ಕಡ್ಡಿಗಳ ಹಳೆಯ ಸಂಖ್ಯೆಗಳು ನಮ್ಮ ಅಂಗಡಿಗಳಲ್ಲಿ ಇನ್ನೂ ನಡೆಯುತ್ತವೆ, ಅವು ತಲೆಕೆಳಗು. ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ಸಣ್ಣದು: 8ನೆಯದು 4 ಮಿಲಿಮೀಟರು, 10ನೆಯದು ಮೂರೂಕಾಲು, 14ನೆಯದು ಎರಡೇ. ಪುಸ್ತಕದಲ್ಲಿ ಹೇಳಿದ ಕಡ್ಡಿಯನ್ನೇ ಹಿಡಿದರೂ ಅಕ್ಕನ ಕೈ ಬಿಗಿ, ತಂಗಿಯ ಕೈ ಸಡಿಲ. ಆದುದರಿಂದ ಮೊದಲು ಐದಂಗುಲ ಚೌಕದ ಮಾದರಿ ತುಂಡೊಂದನ್ನು ಹೆಣೆದು, ಉಡುಪನ್ನು ಹೇಗೆ ಒಗೆಯುವಿರೋ ಹಾಗೆಯೇ ಒಗೆದು, ಒಣಗಿಸಿ, ನಡುವಿನ ನಾಲ್ಕಂಗುಲದಲ್ಲಿ ಕುಣಿಕೆಗಳನ್ನು ಎಣಿಸಬೇಕು. ಅಂಚಿನ ಕುಣಿಕೆಗಳು ಸುಳ್ಳು ಹೇಳುತ್ತವೆ. ಒಗೆಯದ ತುಂಡೂ ಸುಳ್ಳು ಹೇಳುತ್ತದೆ.

ಉದಾಹರಣೆಗೆ ಒಂದು ಟೋಪಿಯನ್ನು ತೆಗೆದುಕೊಳ್ಳೋಣ. ತಲೆಯ ಸುತ್ತಳತೆ 22 ಅಂಗುಲ. ಟೋಪಿ ಜಾರದೆ ನಿಲ್ಲಬೇಕಾದರೆ ತಲೆಗಿಂತ ಸುಮಾರು ಎರಡಂಗುಲ ಚಿಕ್ಕದಾಗಿರಬೇಕು. ಉಣ್ಣೆ ಹಿಗ್ಗಿ ತಲೆಯನ್ನು ಹಿಡಿಯುತ್ತದೆ. ಹಾಗಾದರೆ 20 ಅಂಗುಲ. ಮಾದರಿ ತುಂಡಿನಲ್ಲಿ ನಾಲ್ಕಂಗುಲಕ್ಕೆ 22 ಕುಣಿಕೆಗಳು, ಎಂದರೆ ಅಂಗುಲಕ್ಕೆ ಐದೂವರೆ. ಇಪ್ಪತ್ತರಿಂದ ಗುಣಿಸಿದರೆ 110. ಟೋಪಿಯ ನೆತ್ತಿಯನ್ನು ಎಂಟು ಎಸಳುಗಳಾಗಿ ಕಿರಿದುಮಾಡುವುದು ಅಂದವಾದುದರಿಂದ ಎಂಟರಿಂದ ಭಾಗವಾಗುವ 112ನ್ನು ಹಿಡಿಯೋಣ. ಅಂಚಿನ ಪಟ್ಟಿಗೆ ಎರಡು ಸೀದಾ, ಎರಡು ಉಲ್ಟಾ ಹೆಣೆಯುವುದಕ್ಕೂ ಅದು ನಾಲ್ಕರಿಂದ ಸರಿಯಾಗಿ ಭಾಗವಾಗುತ್ತದೆ. ಎಸಳಿಗೆ 14 ಕುಣಿಕೆಗಳಾದುವು. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಪ್ರತಿ ಎಸಳಿನಲ್ಲಿಯೂ ಒಂದೊಂದು ಕುಣಿಕೆಯನ್ನು ಕಳೆಯುತ್ತ ಹೋದರೆ 26 ಸುತ್ತುಗಳಲ್ಲಿ ಎಂಟೇ ಕುಣಿಕೆಗಳು ಉಳಿಯುತ್ತವೆ. ಅವುಗಳ ಮೂಲಕ ನೂಲನ್ನು ಹಾಯಿಸಿ ಎಳೆದುಬಿಟ್ಟರೆ ನೆತ್ತಿ ಮುಚ್ಚಿತು. ಅಂಗುಲಕ್ಕೆ ಏಳೂವರೆ ಸುತ್ತಿನ ಲೆಕ್ಕದಲ್ಲಿ ಈ ಭಾಗ ಮೂರೂವರೆ ಅಂಗುಲಕ್ಕೆ ಸಮೀಪ. ಟೋಪಿಯ ಒಟ್ಟು ಆಳ ಎಂಟೂಕಾಲು ಬೇಕೆಂದರೆ ಕೆಳಗಿನ ನೇರ ಭಾಗ ನಾಲ್ಕೂಮುಕ್ಕಾಲು.

ಈಗ ಮಾದರಿ ತುಂಡನ್ನು ಹೆಣೆಯದೆ, ಕೈ ಸ್ವಲ್ಪ ಸಡಿಲವಾಗಿ, ಅಂಗುಲಕ್ಕೆ ಐದೂವರೆಯ ಬದಲು ಐದೇ ಕುಣಿಕೆಗಳು ಬಂದವೆನ್ನಿರಿ. ಅದೇ 112 ಕುಣಿಕೆಗಳ ಟೋಪಿ 22 ಅಂಗುಲವನ್ನು ಮೀರುತ್ತದೆ. ಕಣ್ಣಿನ ಮೇಲೆ ಜಾರುತ್ತದೆ. ಕೈ ಬಿಗಿಯಾಗಿ ಆರು ಬಂದರೆ ಹತ್ತೊಂಬತ್ತೂ ಆಗದು. ಹಣೆಯಲ್ಲಿ ಗೆರೆ ಏಳುತ್ತದೆ. ಅರ್ಧ ಕುಣಿಕೆಯ ವ್ಯತ್ಯಾಸದಿಂದ ಒಂದು ಟೋಪಿ ಇಬ್ಬರು ಬೇರೆ ಬೇರೆ ಮನುಷ್ಯರ ಪಾಲಾಗುತ್ತದೆ. ನಮ್ಮ ಅತ್ತಿಗೆಯವರ ವಿಷಯದಲ್ಲಿ ನಾನು ಇನ್ನೊಂದನ್ನೂ ಮರೆತಿದ್ದೆನು. ನಾನು ಅಳೆದುದು ಹಿಂದೆಂದೋ, ತುಂಬುಗೂದಲಿದ್ದ ತಲೆಯನ್ನು. ಕೂದಲು ಹೋದಮೇಲೆ ಸುತ್ತಳತೆ ಅಂಗುಲದಷ್ಟು ಕಡಮೆಯಾಗಿತ್ತು. ಅಳತೆ ಹೆಚ್ಚಾಯಿತೆಂದು ಅಂಚಿನಲ್ಲಿ ಬಿಗಿಯಾದ ಪಟ್ಟಿ ಹಾಕಿ ಸರಿಮಾಡಿದೆನು. ಒರಟು ನೂಲೂ ಬಿಗಿಯೂ ಸೇರಿದುವು.

ಕಾಲುಚೀಲದ ಲೆಕ್ಕವೂ ಇದೇ ಜಾಡಿನದು. ಪಾದದ ಸುತ್ತು 9 ಅಂಗುಲವಾದರೆ ಹತ್ತರಲ್ಲೊಂದು ಪಾಲನ್ನು ಕಳೆದು 8 ಅಂಗುಲಕ್ಕೆ ಹೆಣೆಯಬೇಕು. ಸಣ್ಣ ಕಡ್ಡಿಯಲ್ಲಿ ಅಂಗುಲಕ್ಕೆ 8 ಕುಣಿಕೆಗಳಂತೆ 64; ಅದರ ಅರ್ಧ 32 ಹಿಮ್ಮಡಿಗೆ. ಈಜಿಪ್ಟಿನ ಮರಳಿನಲ್ಲಿ ದೊರೆತ, ನೀಲಿ ಬಿಳಿ ಹತ್ತಿ ನೂಲಿನಿಂದ ಸುಮಾರು ಎಂಟುನೂರು ಒಂಬೈನೂರು ವರ್ಷಗಳ ಹಿಂದೆ ಹೆಣೆದ ಕಾಲುಚೀಲಗಳು ಈಗಲೂ ವಸ್ತುಸಂಗ್ರಹಾಲಯಗಳಲ್ಲಿವೆ. ಹಿಮ್ಮಡಿಯನ್ನು ತಿರುಗಿಸುವ ಸಮಸ್ಯೆ ಅವರಿಗೂ ಇದ್ದಿತು, ನಮಗೂ ಇದೆ. 1589ರಲ್ಲಿ ವಿಲಿಯಂ ಲೀ ಎಂಬಾತನು ಇಂಗ್ಲೆಂಡಿನಲ್ಲಿ ಹೆಣೆಯುವ ಯಂತ್ರವನ್ನು ಕಂಡುಹಿಡಿದನು. ಹಾಗಿದ್ದರೂ ಕೈಹೆಣಿಗೆ ಅಳಿಯಲಿಲ್ಲ.

ಶಾಲಿಗೆ ಮೈಯಳತೆಯ ಕಟ್ಟುಪಾಡಿಲ್ಲವಾದುದರಿಂದ ಅಲ್ಲಿ ಕಲ್ಪನೆಗೆ ಅವಕಾಶ ಹೆಚ್ಚು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಎಲಿಜಬೆತ್ ಜಿಮ್ಮರ್ಮನ್ ಎಂಬಾಕೆ 1974ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ದುಂಡನೆಯ ಶಾಲೊಂದರ ಉಪಾಯವನ್ನು ಹೇಳಿದ್ದಾರೆ. ನನಗೆ ಇದು ಯಾವಾಗಲೂ ಆನಂದವನ್ನುಂಟುಮಾಡುತ್ತದೆ. ವೃತ್ತದ ತ್ರಿಜ್ಯ ಇಮ್ಮಡಿಯಾದರೆ ಪರಿಧಿಯೂ ಇಮ್ಮಡಿಯಾಗುತ್ತದೆ ಎಂದು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಹಾಗಿದ್ದಮೇಲೆ ಪ್ರತಿ ಸುತ್ತಿನಲ್ಲಿಯೂ ಕುಣಿಕೆಗಳನ್ನು ಹೆಚ್ಚಿಸುವ ತೊಡಕೇಕೆ? ನಡುವಿನಿಂದ ದೂರ ಇಮ್ಮಡಿಯಾದಾಗ ಮಾತ್ರ ಒಮ್ಮೆಗೇ ಎಲ್ಲ ಕುಣಿಕೆಗಳನ್ನೂ ಇಮ್ಮಡಿಮಾಡಿದರಾಯಿತು. ಒಂಬತ್ತು ಕುಣಿಕೆಗಳಿಂದ ಹೊರಟು, ಒಂದು ಸುತ್ತಿನ ಬಳಿಕ ಹದಿನೆಂಟು. ಮೂರು ಸುತ್ತಿನ ಬಳಿಕ ಮೂವತ್ತಾರು. ಆಮೇಲೆ ಆರು ಸುತ್ತು, ಹನ್ನೆರಡು, ಇಪ್ಪತ್ತನಾಲ್ಕು, ನಲವತ್ತೆಂಟು. ಕುಣಿಕೆಗಳು 72, 144, 288, 576 ಆಗುತ್ತವೆ. ನಡುವಿನ ಸುತ್ತುಗಳಲ್ಲಿ ಹೆಚ್ಚಿಸುವ ಕೆಲಸವೇ ಇಲ್ಲದುದರಿಂದ ಅಲ್ಲಿ ನಿಮಗೆ ಇಷ್ಟವಾದ ಜಾಲರಿಯ ಚಿತ್ತಾರವನ್ನು ತುಂಬಬಹುದು. ನಮ್ಮ ಹೆಂಗಸರು ಚುಕ್ಕಿ ಎಣಿಸಿ ರಂಗವಲ್ಲಿ ಹಾಕುವವರು. ಇಂತಹ ಶಾಲು ಅವರ ಕೈಗೆ ಸುಲಭವಾಗಿ ಬರತಕ್ಕದ್ದೆಂದು ನನ್ನ ಅಭಿಪ್ರಾಯ.

ಜಾಲರಿ ಹೆಣಿಗೆಗೆ ಸಣ್ಣ ನೂಲನ್ನು ಅದಕ್ಕೆ ದಪ್ಪವೆನಿಸುವ ಕಡ್ಡಿಯಲ್ಲಿ ಹೆಣೆಯಬೇಕು. ಷೆಟ್ಲಂಡ್ ದ್ವೀಪಗಳ ಶಾಲುಗಳೂ, ರಷ್ಯದ ಓರೆನ್‌ಬರ್ಗಿನ ಮೇಕೆಯ ತುಪ್ಪಟದ ಶಾಲುಗಳೂ ಉಂಗುರದಲ್ಲಿ ಹಾದುಹೋಗುವಷ್ಟು ತೆಳುವೆಂದು ಪ್ರಸಿದ್ಧವಾಗಿವೆ. ಕಡ್ಡಿಯಿಂದ ಇಳಿದಾಗ ಇಂತಹ ಶಾಲು ಮುದ್ದೆಯಾದ ಹಳೆಯ ಬಟ್ಟೆಯಂತೆ ಕಾಣುತ್ತದೆ, ಎದೆಗುಂದಬೇಡಿರಿ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಒತ್ತಿ ನೀರು ತೆಗೆದು, ಚಾಪೆಯ ಮೇಲೆ ಬಟ್ಟೆ ಹಾಸಿ, ಸುತ್ತಲೂ ಗುಂಡುಸೂಜಿಗಳಿಂದ ಎಳೆದು ಹಿಡಿಸಿ ಒಣಗಿಸಿದರೆ ಕಣ್ಣುಗಳು ಬಿಚ್ಚಿಕೊಳ್ಳುತ್ತವೆ. ಅಕ್ರಿಲಿಕ್ ಶಾಲು ಹೀಗೆ ಎಳೆದ ಆಕಾರದಲ್ಲಿ ನಿಲ್ಲುವುದಿಲ್ಲ.

ಮಫ್ಲರಿನ ವಿಚಾರದಲ್ಲಿ ಹೊಸಬರು ತಪ್ಪುವುದು ಒಂದೇ ಕಡೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದ ನಯವಾದ ಬಟ್ಟೆ ಅಂಚುಗಳಲ್ಲಿ ಚಾಪೆಯಂತೆ ಸುರುಳಿಕೊಳ್ಳುತ್ತದೆ. ಎಷ್ಟು ಇಸ್ತ್ರಿ ಮಾಡಿದರೂ ಕೇಳುವುದಿಲ್ಲ. ಎಲ್ಲ ಸಾಲುಗಳನ್ನೂ ಸೀದಾ ಹೆಣೆಯುವುದೋ, ಸೀದಾ ಉಲ್ಟಾಗಳನ್ನು ಮುತ್ತಿನಂತೆ ಅದಲುಬದಲಾಗಿ ಇಡುವುದೋ ಒಳ್ಳೆಯದು. ಆಗ ಎರಡು ಮುಖಗಳೂ ಒಂದೇ ಬಗೆಯಾಗಿರುತ್ತವೆ. ಅಗಲ 8 ಅಂಗುಲ, ಉದ್ದ 64 ಅಂಗುಲವೆಂದಿಟ್ಟುಕೊಳ್ಳೋಣ. ಎಷ್ಟು ನೂಲು ಕೊಳ್ಳಬೇಕು? ನಾಲ್ಕಂಗುಲ ಚೌಕದ ಮಾದರಿಯನ್ನು ಅಕ್ಕಸಾಲಿಗನ ತಕ್ಕಡಿಯಲ್ಲೋ, ಅಡಿಗೆಮನೆಯ ಸಣ್ಣ ತೂಕದ ಯಂತ್ರದಲ್ಲೋ ತೂಗಿರಿ. ಐದು ಗ್ರಾಂ ಬಂದರೆ, ಇಂತಹ 32 ಚೌಕಗಳಿಗೆ 160 ಗ್ರಾಂ; ಹತ್ತರಲ್ಲೊಂದು ಪಾಲು ಹೆಚ್ಚು ಸೇರಿಸಿ, 50 ಗ್ರಾಮಿನ ನಾಲ್ಕು ಉಂಡೆಗಳನ್ನು ಕೊಳ್ಳಿರಿ. ನಾಲ್ಕನ್ನೂ ಒಂದೇ ಸಲ, ಚೀಟಿಯ ಮೇಲೆ ಒಂದೇ ಬಣ್ಣದ ಲಾಟಿನ ಸಂಖ್ಯೆ ಇದೆಯೇ ಎಂದು ನೋಡಿ ಕೊಳ್ಳಬೇಕು. ಅಂಗಡಿಯ ದೀಪದಲ್ಲಿ ಒಂದೇ ಎನಿಸಿದ ಎರಡು ಲಾಟಿನ ನೀಲಿ, ಹಗಲು ಬೆಳಕಿನಲ್ಲಿ ಎರಡು ನೀಲಿಯಾಗುತ್ತದೆ. ಒಂದು ನೂಲಿನ ಬದಲು ಇನ್ನೊಂದನ್ನು ಕೊಳ್ಳುವಾಗ ತೂಕವನ್ನಲ್ಲ, ಉದ್ದವನ್ನು ಹೋಲಿಸಬೇಕು. ಒಂದೇ ದಪ್ಪದ ಹತ್ತಿಯೂ ಉಣ್ಣೆಯೂ ಇದ್ದಲ್ಲಿ 50 ಗ್ರಾಮಿನ ಹತ್ತಿ ಗಿಡ್ಡವಾಗಿರುತ್ತದೆ.

ಬಣ್ಣ ಮತ್ತು ಚಿತ್ತಾರ ಒಂದನ್ನೊಂದು ನುಂಗಕೂಡದು. ಜಡೆಯಂತೆ ಹೆಣೆದುಕೊಂಡ ಉಬ್ಬು ಚಿತ್ತಾರಗಳು ತಿಳಿಯಾದ, ಒಂದೇ ಬಣ್ಣದ, ಬಿಗಿ ಹುರಿಯ ನೂಲಿನಲ್ಲಿ ಎದ್ದು ಕಾಣುತ್ತವೆ. ಕಪ್ಪಿನಲ್ಲಾಗಲಿ, ಬಗೆಬಗೆಯ ಬಣ್ಣ ಬಳಿದ ನೂಲಿನಲ್ಲಾಗಲಿ ಹೆಣೆದರೆ ಶ್ರಮವೆಲ್ಲ ಕತ್ತಲೆಯ ಪಾಲು. ಷೆಟ್ಲಂಡಿಗೆ ಸೇರಿದ ಫೇರ್ ದ್ವೀಪದವರು ಒಂದು ಸಾಲಿನಲ್ಲಿ ಎರಡೇ ಬಣ್ಣಗಳನ್ನು ಬಳಸಿ ಚಿತ್ತಾರ ತೆಗೆಯುತ್ತಾರೆ. ಬಳಸದ ನೂಲು ಹಿಂದೆ ಸಡಿಲವಾಗಿ ಹರಿಯುತ್ತದೆ. ಅಂತಹ ಕೈಗವಸು ದೊಡ್ಡವರಿಗೆ ಎರಡರಷ್ಟು ಬೆಚ್ಚಗೆ. ಎಳೆಯ ಮಕ್ಕಳಿಗೆ ಮಾತ್ರ ಎಂದಿಗೂ ಕೂಡದು. ಹಿಂದಿನ ಸಡಿಲ ಎಳೆ ಮಗುವಿನ ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರ ನಿಂತ ಪ್ರಸಂಗಗಳನ್ನು ವೈದ್ಯರು ಬಲ್ಲರು. ಮಗು ಅಳುತ್ತದೆ, ಕಾರಣ ಕೈಗವಸಿನ ಒಳಗಿರುತ್ತದೆ. ಕುಲಾವಿಗೆ ಉದ್ದನೆಯ ದಾರ ಕಟ್ಟುವುದೂ, ಮನೆಯೊಳಗೆ ಮಲಗಿದ ಮಗುವಿನ ತಲೆಯ ಮೇಲೆ ಉಣ್ಣೆಯ ಟೋಪಿಯನ್ನು ಬಿಡುವುದೂ ಸಲ್ಲದು.

ಇನ್ನು ನಮ್ಮ ಮಂಕಿ ಕ್ಯಾಪ್! ಕ್ರಿಮಿಯಾ ಯುದ್ಧದಲ್ಲಿ, 1854ರ ಚಳಿಗಾಲದಲ್ಲಿ, ಬಾಲಕ್ಲಾವದ ಬಳಿ ನಡುಗುತ್ತಿದ್ದ ಇಂಗ್ಲಿಷ್ ಸೈನಿಕರಿಗೆ ಕಳುಹಿಸಿದ ಉಣ್ಣೆಯ ಟೋಪಿಯ ವಂಶದ್ದು ಅದು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಮೆಯ ಉಷ್ಣತೆ 1884ರ ಜನವರಿಯ 7.8 ಡಿಗ್ರಿ, ಅಲ್ಲಿಂದೀಚೆಗೆ ಅಷ್ಟು ಚಳಿ ಬಂದುದೇ ಇಲ್ಲ. ಆದರೂ ಲಾಲ್‌ಬಾಗಿನಲ್ಲಿ ಡಿಸೆಂಬರ್ ಬೆಳಗ್ಗೆ ತಿರುಗಾಡುವ ಹಿರಿಯರನ್ನು ನೋಡಿದರೆ ಸೆವಾಸ್ತೊಪೋಲಿನ ಮುತ್ತಿಗೆ ಇನ್ನೂ ನಡೆದಿದೆಯೋ ಎನಿಸುತ್ತದೆ. ನಮ್ಮ ಹವೆಗೆ ದಪ್ಪ ಉಣ್ಣೆ ಬೇಕಾಗಿಲ್ಲ. ನಾಲ್ಕೆಳೆಯ ಸಣ್ಣ ನೂಲು, ಅಂಗುಲಕ್ಕೆ ಏಳು ಕುಣಿಕೆ, ಸಾಕು. ಕೊಡಗಿನವರೂ ಚಿಕ್ಕಮಗಳೂರಿನ ಬೆಟ್ಟದವರೂ ಬೇಕಾದರೆ ಇನ್ನೊಂದು ಹಂತ ದಪ್ಪವನ್ನು ಹಿಡಿಯಲಿ.

ಅತ್ತಿಗೆಯವರಿಗಾಗಿ ಎರಡನೆಯ ಟೋಪಿಯನ್ನು ನಾನು ಹತ್ತಿಯಿಂದ ಹೆಣೆದೆನು. ಹೊಳಪು ಕೊಟ್ಟ ಗಡುಸು ಹತ್ತಿಯಲ್ಲ. ಸಾದಾ, ಮೆತ್ತನೆಯ, ಸಡಿಲ ಹುರಿಯ ನೂಲು. ಹೊಸದಾಗಿ ಅಳೆದ ತಲೆ 21 ಅಂಗುಲ. ಹತ್ತಿ ಉಣ್ಣೆಯಂತೆ ಹಿಗ್ಗದಾದುದರಿಂದ ಎರಡಂಗುಲದ ಬದಲು ಒಂದೇ ಅಂಗುಲವನ್ನು ಕಳೆದೆನು. ಅಂಗುಲಕ್ಕೆ ಆರರಂತೆ 120 ಕುಣಿಕೆಗಳು, ಎಸಳಿಗೆ ಹದಿನೈದು. ಜೋಡಣೆಯ ಹೊಲಿಗೆ ಬಾರದಂತೆ ಸುತ್ತಾಗಿಯೇ ಹೆಣೆದು, ನಯವಾದ ಸೀದಾ ಮುಖವನ್ನು ಒಳಗಿಟ್ಟು, ಉಬ್ಬಿನ ಮುಖವನ್ನು ಹೊರಗೆ ಮಾಡಿದೆನು. ನೂಲಿನ ತುದಿಗಳನ್ನೂ ಹೊರಮಗ್ಗುಲಲ್ಲಿಯೇ ಅಡಗಿಸಿದೆನು. ನೋಡುವವರಿಗೆ ಅದು ತಿರುವುಮುರುವಾಗಿ ಹಾಕಿಕೊಂಡ ಟೋಪಿಯಂತೆ ಕಾಣುತ್ತಿತ್ತು. ಈ ಸಲ ಅವರು ಚೆನ್ನಾಗಿದೆ ಎಂದೇನೂ ಹೇಳಲಿಲ್ಲ. ರಾತ್ರಿ ಅದನ್ನು ಹಾಕಿಕೊಂಡೇ ನಿದ್ದೆಹೋದರು. ಮರುವರ್ಷ ಕೂದಲು ಬೆಳೆದಮೇಲೆ ಟೋಪಿಯನ್ನು ಒಗೆದು, ಮಡಿಸಿ, ಪಕ್ಕದ ಬೀದಿಯಲ್ಲಿ ಅದೇ ಔಷಧ ತೆಗೆದುಕೊಳ್ಳುತ್ತಿದ್ದ ಒಬ್ಬರಿಗೆ ಕಳುಹಿಸಿಕೊಟ್ಟರು. ಜೊತೆಗೆ ನನ್ನಿಂದ ಒಂದು ಚೀಟಿಯನ್ನೂ ಬರೆಯಿಸಿಕೊಂಡರು: ನೂಲು ಹತ್ತಿ, ತಣ್ಣೀರಿನಲ್ಲಿ ಒಗೆಯುವುದು, ನೇತುಹಾಕದೆ ಹಾಸಿ ಒಣಗಿಸುವುದು. ಉಳಿದ ಮುಕ್ಕಾಲು ಉಂಡೆ ಬಿಟ್ಟ ಕುಣಿಕೆಗಳನ್ನು ಸರಿಪಡಿಸುವುದಕ್ಕೆಂದು ನನ್ನ ಬಳಿಯೇ ಇದೆ.